ಕೋರೆಯಲ್ಲಿ, ತೋಟದಲ್ಲಿ ಯಂತ್ರದ ಗಾಯ: ಕಾಸರಗೋಡಿನ ದುಡಿಮೆ ಮತ್ತು ಪರಿಹಾರದ ಕಾನೂನು

1984ರ ಮೇ 24ರಂದು ಕೇರಳದ ಹದಿನಾಲ್ಕನೆಯ ಜಿಲ್ಲೆಯಾಗಿ ರೂಪುಗೊಂಡ ಕಾಸರಗೋಡನ್ನು ಕೈಗಾರಿಕಾ ಜಿಲ್ಲೆಯೆಂದು ಯಾರೂ ಕರೆಯುವುದಿಲ್ಲ. ಸೀತಾಂಗೋಳಿ, ಅನಂತಪುರಗಳಲ್ಲಿ ಕೈಗಾರಿಕಾ ಪ್ರದೇಶಗಳಿದ್ದರೂ, ಬೇದ್ರಡ್ಕದಲ್ಲಿ ವಿದ್ಯುತ್ ಯಂತ್ರಗಳನ್ನು ತಯಾರಿಸುವ ಸಾರ್ವಜನಿಕ ವಲಯದ ಕಾರ್ಖಾನೆಯಿದ್ದರೂ, ಜಿಲ್ಲೆಯ ದುಡಿಮೆಯ ಬಹುಪಾಲು ನಡೆಯುವುದು ಅಡಿಕೆ, ತೆಂಗು, ರಬ್ಬರ್ ತೋಟಗಳಲ್ಲಿ, ಕೆಂಗಲ್ಲಿನ ಕೋರೆಗಳಲ್ಲಿ, ಮರದ ಮಿಲ್ಲುಗಳಲ್ಲಿ ಮತ್ತು ರಸ್ತೆಬದಿಯ ಸಣ್ಣ ವರ್ಕ್‌ಶಾಪುಗಳಲ್ಲಿ. ಇಲ್ಲಿ ಯಂತ್ರಗಳು ಕಡಿಮೆಯೆಂದು ಇದರಿಂದ ತಿಳಿಯಬೇಕಾಗಿಲ್ಲ. ಕಳೆದ ಎರಡು ಮೂರು ದಶಕಗಳಲ್ಲಿ ಯಂತ್ರವು ಕಾರ್ಖಾನೆಯ ಆವರಣವನ್ನು ದಾಟಿ ತೋಟಕ್ಕೂ ಮನೆಯಂಗಳಕ್ಕೂ ಬಂದಿದೆ. ಆದರೆ ಯಂತ್ರಕ್ಕೆ ಗಾರ್ಡ್ ಹಾಕಿಸಬೇಕಾದ ಕಾನೂನು ಅದರೊಂದಿಗೆ ಬರಲಿಲ್ಲ. ಗಾಯವಾದ ಮೇಲೆ ಪರಿಹಾರ ಕೊಡಿಸುವ ಕಾನೂನು ಮಾತ್ರ ತೋಟದವರೆಗೂ ಬಂದಿದೆಯಾದರೂ ಅದು ಬಂದಿರುವ ಸಂಗತಿ ಧಣಿಗಳಿಗಾಗಲಿ ಕೆಲಸದವರಿಗಾಗಲಿ ಅಷ್ಟಾಗಿ ತಿಳಿದಿಲ್ಲ.

ಕೆಂಗಲ್ಲನ್ನೇ ಮೊದಲು ನೋಡಬಹುದು. ಕರಾವಳಿಯವರು ಮುರಕಲ್ಲು ಎಂದೂ ಕರೆಯುವ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಶಾಸ್ತ್ರೀಯ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಾಡಿಪುರದಲ್ಲಿ ಜನರು ಇದನ್ನು ನೆಲದಿಂದಲೇ ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಅವನು ಆ ಹೆಸರನ್ನು ರಚಿಸಿ 1807ರಲ್ಲಿ ಪ್ರಕಟಿಸಿದನು. ಬೇಕಲ ಕೋಟೆ ಎದ್ದಿರುವುದು ಇದೇ ಕಲ್ಲಿನಿಂದ. ಬುಕಾನನ್ ಕಂಡದ್ದು ಕೊಡಲಿಯಂಥ ಹತ್ಯಾರಿನಿಂದ ಬೆನ್ನು ಬಾಗಿಸಿ ಕಡಿಯುವ ಕೆಲಸವನ್ನು. ಈಗ ಅದೇ ಕೆಲಸವನ್ನು ಹಳಿಯ ಮೇಲೆ ಚಲಿಸುವ, ಎಂಜಿನಿನಿಂದ ಓಡುವ ದೊಡ್ಡ ವೃತ್ತಾಕಾರದ ಗರಗಸ ಮಾಡುತ್ತದೆ: ಮೊದಲು ಉದ್ದಕ್ಕೂ ಅಡ್ಡಕ್ಕೂ ಗೆರೆ ಕೊರೆದು, ಬಳಿಕ ಬುಡವನ್ನು ಕೊಯ್ದು ಕಲ್ಲನ್ನು ನೆಲದಿಂದ ಬಿಡಿಸಲಾಗುತ್ತದೆ. ಬ್ಲೇಡಿನ ಅಂಚಿಗೆ ಬೆಸೆದ ಗಟ್ಟಿ ಲೋಹದ ಹಲ್ಲುಗಳು ಕಲ್ಲಿನೊಳಗಿನ ಗಂಟಿಗೆ ತಾಗಿ ಮುರಿದರೆ ಆ ಚೂರು ಎತ್ತ ಹಾರುವುದೆಂದು ಮುಂಚಿತವಾಗಿ ಹೇಳಲಾಗದು. ಕೆಂಪು ಹುಡಿ ಕವಿದಾಗ ಪಕ್ಕದಲ್ಲಿರುವವನ ಕಾಲೂ ಕಾಣಿಸುವುದಿಲ್ಲ. ಎಂಜಿನಿನ ಸದ್ದಿನಲ್ಲಿ ಕೂಗು ಕೇಳಿಸುವುದಿಲ್ಲ. ತಲೆಗೆ ಬೈರಾಸು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಲುಂಗಿ, ಕಾಲಿಗೆ ಹವಾಯಿ ಚಪ್ಪಲಿ ಎಂಬ ಉಡುಪಿನಲ್ಲಿ ಈ ಕೆಲಸ ನಡೆಯುವುದು ಸಾಮಾನ್ಯ ನೋಟವಾಗಿದೆ.

ಗಣಿ ಕಾರ್ಮಿಕರ ಸುರಕ್ಷೆಗೆಂದು ದೇಶದಲ್ಲಿ 1952ರಲ್ಲೇ ಗಣಿ ಕಾಯಿದೆ ಬಂದಿತ್ತು. ಆದರೆ ಅದರ ಮೂರನೆಯ ಸೆಕ್ಷನ್ ಕೆಲವು ಖನಿಜಗಳ ಸಣ್ಣ ಕೋರೆಗಳನ್ನು ಕಾಯಿದೆಯ ಬಹುತೇಕ ನಿಯಮಗಳಿಂದ ಹೊರಗಿಟ್ಟಿತ್ತು, ಮತ್ತು ಆ ಪಟ್ಟಿಯಲ್ಲಿ ಲ್ಯಾಟರೈಟ್ ಹೆಸರು ಹಿಡಿದೇ ಸೇರಿತ್ತು. ತೆರೆದ ಕೋರೆಯ ಆಳ ಆರು ಮೀಟರನ್ನು ಮೀರದಿದ್ದರೆ, ಯಾವ ದಿನವೂ ಐವತ್ತಕ್ಕಿಂತ ಹೆಚ್ಚು ಜನ ಕೆಲಸ ಮಾಡದಿದ್ದರೆ, ಸಿಡಿಮದ್ದು ಬಳಸದಿದ್ದರೆ ಅಲ್ಲಿ ಗಣಿ ಸುರಕ್ಷತಾ ನಿಯಮಗಳು ಅನ್ವಯಿಸುವುದಿಲ್ಲ. ಕೆಂಗಲ್ಲಿಗೆ ಸಿಡಿಮದ್ದು ಬೇಕಾಗುವುದಿಲ್ಲ, ಐವತ್ತು ಆಳುಗಳೂ ಬೇಕಾಗುವುದಿಲ್ಲ. ಕೈಯಲ್ಲಿ ಕಡಿಯುತ್ತಿದ್ದ ಕಾಲದಲ್ಲಿ ಈ ವಿನಾಯಿತಿಗೆ ಒಂದು ಅರ್ಥವಿದ್ದಿರಬಹುದು. ಆಳುಗಳ ಸಂಖ್ಯೆಯನ್ನೂ ಗುಂಡಿಯ ಆಳವನ್ನೂ ಅಳೆದು ಬ್ಲೇಡಿನ ವೇಗವನ್ನು ಬಿಟ್ಟುಬಿಡುವ ಅಳತೆಗೋಲು ಇಂದಿನ ಕೋರೆಗೆ ಹೊಂದುವುದಿಲ್ಲ.

ತೋಟದ ಸ್ಥಿತಿ ಇದಕ್ಕಿಂತ ಭಿನ್ನವಲ್ಲ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ ಪ್ರದೇಶದಲ್ಲಿ, ಎಣ್ಮಕಜೆಯಿಂದ ಬೆಳ್ಳೂರು, ಕಾರಡ್ಕದವರೆಗೆ, ಅಡಿಕೆ ತೋಟವಿರುವ ಮನೆಯಲ್ಲಿ ಕಳೆ ಕೊಚ್ಚುವ ಯಂತ್ರ, ಅಂದರೆ ತೋಟದ ಮಾತಿನ ‘ಹುಲ್ಲಿನ ಮಿಷನ್’, ಇಲ್ಲದಿರುವುದು ಅಪರೂಪ. ಚಾಲಿ ಅಡಿಕೆ ಸುಲಿಯುವ ಯಂತ್ರ, ಮರ ಕೊಯ್ಯುವ ಚೈನ್ ಗರಗಸ, ಹಾಳೆ ತಟ್ಟೆಯ ಪ್ರೆಸ್, ರಬ್ಬರ್ ಶೀಟಿನ ರೋಲರ್ ಅದರ ಜೊತೆಗೆ ಬರುತ್ತವೆ. ಆಳುಗಳು ಸಿಗದ ಊರಿನಲ್ಲಿ ಯಂತ್ರವಿಲ್ಲದೆ ತೋಟ ಉಳಿಯುವುದಿಲ್ಲವೆಂಬ ಮಾತು ಸುಳ್ಳಲ್ಲ. ಹುಲ್ಲಿನ ಮಿಷನ್ನಿನ ಬ್ಲೇಡು ನಿಮಿಷಕ್ಕೆ ಆರೇಳು ಸಾವಿರ ಸುತ್ತು ತಿರುಗುತ್ತದೆ; ಇಪ್ಪತ್ತೈದು ಸೆಂಟಿಮೀಟರ್ ವ್ಯಾಸದ ಬ್ಲೇಡಿನ ತುದಿ ಏಳು ಸಾವಿರ ಸುತ್ತಿನಲ್ಲಿ ಗಂಟೆಗೆ 300 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಚಲಿಸುತ್ತದೆಯೆಂಬುದು ಸರಳ ಗುಣಾಕಾರ. ಆ ತುದಿಗೆ ಸಿಕ್ಕಿದ ಜಲ್ಲಿಕಲ್ಲಿನ ಹರಳು ಕಣ್ಣಿಗೆ ತಾಗಿದರೆ ಆಗುವ ಹಾನಿಯನ್ನು ವಿವರಿಸಬೇಕಾಗಿಲ್ಲ. ಯಂತ್ರದೊಂದಿಗೆ ಬರುವ ಪ್ಲಾಸ್ಟಿಕ್ ಮರೆ ಇರುವುದು ಅದಕ್ಕಾಗಿಯೇ, ಆದರೆ ಮಳೆ ಮುಗಿದ ಮೇಲಿನ ಒದ್ದೆ ಹುಲ್ಲು ಅದಕ್ಕೆ ಸುತ್ತಿಕೊಂಡು ಕೆಲಸ ನಿಧಾನವಾಗುತ್ತದೆಂದು ಅನೇಕರು ಅದನ್ನು ಮೊದಲ ವಾರದಲ್ಲೇ ಕಳಚಿ ಕೊಟ್ಟಿಗೆಯ ಮೂಲೆಗೆ ಹಾಕುತ್ತಾರೆ.

ರಬ್ಬರ್ ರೋಲರಿನ ಅಪಾಯ ಬೇರೆ ಬಗೆಯದು, ಮತ್ತು ಯಂತ್ರದ ಗಾಯ ಹೇಗೆ ಸಂಭವಿಸುತ್ತದೆಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಬೆಳಗ್ಗೆ ಟ್ಯಾಪಿಂಗ್ ಮಾಡಿ ತಂದ ಹಾಲಿಗೆ ಆಸಿಡ್ ಬೆರೆಸಿ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಮೇಲೆ, ಆ ಮೆತ್ತನೆಯ ಹಲಗೆಯನ್ನು ಮೊದಲು ನುಣುಪು ರೋಲರಿನಲ್ಲೂ ಬಳಿಕ ಗೆರೆಗಳಿರುವ ರೋಲರಿನಲ್ಲೂ ಹಾಯಿಸಿ ಶೀಟು ಮಾಡುತ್ತಾರೆ. ಎರಡು ರೋಲರುಗಳು ಒಂದಕ್ಕೊಂದು ಎದುರಾಗಿ ಒಳಮುಖವಾಗಿ ತಿರುಗುವ ಸಂದು ಶೀಟನ್ನು ಎಳೆದುಕೊಳ್ಳುವಂತೆಯೇ ಒದ್ದೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಕೈಯಿಂದ ತಿರುಗಿಸುವ ರೋಲರಾದರೆ ತಿರುಗಿಸುವವರು ನಿಲ್ಲಿಸಬಹುದು. ಮೋಟಾರು ಜೋಡಿಸಿದರೆ ಆ ಅವಕಾಶ ಹೋಗುತ್ತದೆ. ಹತ್ತು ಸೆಂಟಿಮೀಟರ್ ವ್ಯಾಸದ ರೋಲರು ನಿಮಿಷಕ್ಕೆ ಅರುವತ್ತು ಸುತ್ತು ತಿರುಗುತ್ತದೆಂದು ಇಟ್ಟುಕೊಂಡರೆ ಅದರ ಮೈ ಸೆಕೆಂಡಿಗೆ ಮೂವತ್ತೊಂದು ಸೆಂಟಿಮೀಟರ್ ಸಾಗುತ್ತದೆ; ಬೆರಳಿಗೆ ನೋವು ತಿಳಿದು ಕೈ ಹಿಂದಕ್ಕೆಳೆಯಲು ಮನುಷ್ಯನಿಗೆ ಕಾಲು ಸೆಕೆಂಡು ಬೇಕು; ಅಷ್ಟರಲ್ಲಿ ಸುಮಾರು ಎಂಟು ಸೆಂಟಿಮೀಟರ್, ಅಂದರೆ ಒಂದು ಬೆರಳಿನ ಉದ್ದ, ಒಳಗೆ ಹೋಗಿರುತ್ತದೆ. ಸೀರೆಯ ಅಥವಾ ನೈಟಿಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು ಕೆಲಸ ಮಾಡುವುದು ಈ ಕಡೆಯ ಹೆಂಗಸರ ರೂಢಿಯಾಗಿದ್ದು, ಸೊಳ್ಳೆಗೂ ಬಿಸಿಲಿಗೂ ತಡೆಯಾಗುವ ಆ ತೋಳು ರೋಲರಿನ ಮುಂದೆ ಇನ್ನೊಂದು ಅಪಾಯವಾಗುತ್ತದೆ.

‘ಜಾಗ್ರತೆ ಇರಬೇಕಿತ್ತು’ ಎಂಬ, ಎಲ್ಲ ಅಪಘಾತಗಳ ನಂತರವೂ ಕೇಳಿಬರುವ ಮಾತು ಪೊಳ್ಳೆಂಬುದು ಈ ಲೆಕ್ಕದಿಂದ ಗೊತ್ತಾಗುತ್ತದೆ. ದಿನಕ್ಕೆ ನೂರಾರು ಬಾರಿ ಒಂದೇ ಚಲನೆಯನ್ನು ಮಾಡುವ ಕೈ ಯಾವುದೋ ಒಂದು ಬಾರಿ ತಪ್ಪುವುದು ಸಹಜ. ಆ ಒಂದು ಬಾರಿಯೂ ಬೆರಳು ಸಂದಿಗೆ ತಲುಪದಂತೆ ಅಡ್ಡ ಸರಳನ್ನು ಇಡುವುದು, ಮೊಣಕೈ ಅಥವಾ ಮಂಡಿ ತಾಗಿದರೆ ಮೋಟಾರು ನಿಲ್ಲುವಂತೆ ಸ್ವಿಚ್ಚು ಜೋಡಿಸುವುದು, ರೋಲರು ಹಿಮ್ಮುಖವಾಗಿ ತಿರುಗುವ ವ್ಯವಸ್ಥೆ ಮಾಡುವುದು ಯಂತ್ರದ ಕೆಲಸವೇ ಹೊರತು ಕೆಲಸದವರ ಜಾಗ್ರತೆಯ ಕೆಲಸವಲ್ಲ. ಕಾನೂನೂ ಇದನ್ನೇ ಹೇಳುತ್ತದೆ. 1949ರ ಏಪ್ರಿಲ್ 1ರಿಂದ ಜಾರಿಗೆ ಬಂದ 1948ರ ಕಾರ್ಖಾನೆ ಕಾಯಿದೆಯ 21ನೆಯ ಸೆಕ್ಷನ್ ತಿರುಗುವ ಅಪಾಯಕಾರಿ ಭಾಗಗಳಿಗೆ ಭದ್ರವಾದ ಬೇಲಿಯಿರಬೇಕೆಂದು, ಅಂದರೆ ಗಾರ್ಡ್ ಇರಬೇಕೆಂದು ವಿಧಿಸಿತು. 22ನೆಯ ಸೆಕ್ಷನ್, ಓಡುತ್ತಿರುವ ಯಂತ್ರವನ್ನು ಪರೀಕ್ಷಿಸಬೇಕಾಗಿ ಬಂದರೆ ಅದನ್ನು ತರಬೇತಿ ಪಡೆದ, ಮೈಗೆ ಅಂಟಿಕೊಳ್ಳುವ ಉಡುಪು ತೊಟ್ಟ ವ್ಯಕ್ತಿಯೇ ಮಾಡಬೇಕೆಂದಿತು. 24ನೆಯದು ತುರ್ತಿನಲ್ಲಿ ವಿದ್ಯುತ್ತನ್ನು ಕಡಿಯುವ ಸಾಧನವನ್ನು, 35ನೆಯದು ಚೂರು ಹಾರುವ ಕೆಲಸದಲ್ಲಿ ಕಣ್ಣಿನ ರಕ್ಷಣೆಯನ್ನು ಕಡ್ಡಾಯಗೊಳಿಸಿದುವು.

ಇಷ್ಟೆಲ್ಲ ಇದ್ದರೂ ಆ ಕಾಯಿದೆಗೆ ಕಾರ್ಖಾನೆಯೆಂದರೆ ವಿದ್ಯುತ್ ಬಳಸುವ ಕಡೆ ಕನಿಷ್ಠ ಹತ್ತು ಜನ, ಬಳಸದ ಕಡೆ ಇಪ್ಪತ್ತು ಜನ ದುಡಿಯುವ ಜಾಗವಾಗಿತ್ತು. ನಾಲ್ಕು ಜನರಿರುವ ಮರದ ಮಿಲ್ಲು, ಇಬ್ಬರಿರುವ ಬೇಕರಿಯ ಹಿಟ್ಟು ಕಲಸುವ ಯಂತ್ರ, ಒಬ್ಬರೇ ಇರುವ ರಬ್ಬರ್ ಶೆಡ್ಡು ಅದರೊಳಗೆ ಬರುತ್ತಿರಲಿಲ್ಲ. ಇಂಥ ಸಣ್ಣ ಜಾಗಗಳಿಗೂ ಕಾಯಿದೆಯನ್ನು ವಿಸ್ತರಿಸುವ ಅಧಿಕಾರವನ್ನು 85ನೆಯ ಸೆಕ್ಷನ್ ರಾಜ್ಯ ಸರ್ಕಾರಕ್ಕೆ ಕೊಟ್ಟಿತ್ತು. ಈಗ ಮಿತಿ ಇನ್ನೂ ಮೇಲಕ್ಕೆ ಹೋಗಿದೆ: 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಒಂದಾದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ವಿದ್ಯುತ್ ಬಳಸುವ ಕಾರ್ಖಾನೆಗೆ ಇಪ್ಪತ್ತು, ಬಳಸದ್ದಕ್ಕೆ ನಲವತ್ತು ಜನರ ಮಿತಿಯನ್ನು ಇಟ್ಟಿದೆ. ನಿಯಮ ಮುರಿದು ಸಾವು ಸಂಭವಿಸಿದರೆ ಕನಿಷ್ಠ ಐದು ಲಕ್ಷ ರೂಪಾಯಿ ದಂಡ, ಗಂಭೀರ ಗಾಯವಾದರೆ ಕನಿಷ್ಠ ಎರಡು ಲಕ್ಷ ದಂಡ, ಆ ದಂಡದಲ್ಲಿ ಅರ್ಧಕ್ಕಿಂತ ಕಡಿಮೆಯಿಲ್ಲದ ಪಾಲನ್ನು ಗಾಯಾಳುವಿಗೆ ಅಥವಾ ವಾರಸುದಾರರಿಗೆ ಕೊಡಿಸುವ ಅವಕಾಶ ಈ ಸಂಹಿತೆಯಲ್ಲಿವೆ, ಅವು ಒಳ್ಳೆಯವೇ. ಆದರೆ ಹತ್ತೊಂಬತ್ತು ಜನರಿರುವ ಮಿಲ್ಲನ್ನು ಕಾರ್ಖಾನೆಯ ವ್ಯಾಖ್ಯೆಯಿಂದ ಹೊರಗಿಟ್ಟು ಒಳಗಿರುವವರ ದಂಡವನ್ನು ಏರಿಸಿದರೆ ಕಾಸರಗೋಡಿನಂಥ ಜಿಲ್ಲೆಗೆ ದಕ್ಕುವುದು ಬಹಳ ಕಡಿಮೆ.

ಪರಿಹಾರದ ಕಾನೂನಿನ ಚರಿತ್ರೆ ಬೇರೆ. ಇಂಗ್ಲೆಂಡಿನ ನ್ಯಾಯಾಲಯಗಳು ಹತ್ತೊಂಬತ್ತನೆಯ ಶತಮಾನದಲ್ಲಿ, ಅಪಾಯ ಗೊತ್ತಿದ್ದೂ ಕೆಲಸಕ್ಕೆ ಸೇರಿದವನು ಅಪಾಯವನ್ನು ಒಪ್ಪಿಕೊಂಡಂತೆ ಎಂಬ ವಾದವನ್ನೂ, ಜೊತೆ ಕೆಲಸದವನ ತಪ್ಪಿಗೆ ಧಣಿ ಹೊಣೆಯಲ್ಲ ಎಂಬ ವಾದವನ್ನೂ ಮನ್ನಿಸುತ್ತಿದ್ದುದರಿಂದ ಗಾಯಾಳುಗಳಿಗೆ ಕೈಗೆ ಏನೂ ಹತ್ತುತ್ತಿರಲಿಲ್ಲ. ಜರ್ಮನಿ 1884ರಲ್ಲಿ ಅಪಘಾತ ವಿಮೆಯನ್ನು, ಇಂಗ್ಲೆಂಡ್ 1897ರಲ್ಲಿ ಪರಿಹಾರ ಕಾಯಿದೆಯನ್ನು ತಂದ ಮೇಲೆ ಹೊಸ ತತ್ತ್ವವೊಂದು ನೆಲೆಗೊಂಡಿತು: ಯಂತ್ರದಿಂದ ಲಾಭ ಪಡೆಯುವವನು ಯಂತ್ರದಿಂದಾದ ನಷ್ಟವನ್ನೂ ಹೊರಬೇಕು, ತಪ್ಪು ಯಾರದೆಂದು ಮೊದಲು ಸಾಬೀತುಪಡಿಸಬೇಕಾಗಿಲ್ಲ. ಇದೇ ತತ್ತ್ವದ ಮೇಲೆ ರಚಿತವಾದ ಭಾರತದ ಕಾರ್ಮಿಕ ಪರಿಹಾರ ಕಾಯಿದೆ 1923ರದು. 1924ರ ಜುಲೈ 1ರಂದು ಅದು ಜಾರಿಗೆ ಬಂದಾಗ ಕಾಸರಗೋಡು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿದ ಮೇಲೂ, ಕಾನೂನು ಕೇಂದ್ರದ್ದಾದ ಕಾರಣ, ಗಡಿಯಲ್ಲಿರುವ ತಲಪಾಡಿಯ ಆಚೆಗೂ ಈಚೆಗೂ ಹೊಣೆಯ ಲೆಕ್ಕ ಒಂದೇ ಆಗಿ ಉಳಿಯಿತು. 2010ರ ಜನವರಿ 18ರಿಂದ ಅದು ಉದ್ಯೋಗಿ ಪರಿಹಾರ ಕಾಯಿದೆಯೆಂಬ ಹೆಸರು ಪಡೆಯಿತು. ಈಗ ಅದರ ಸಾರವನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯ ಒಂದು ಅಧ್ಯಾಯ ಒಳಗೊಂಡಿದೆ, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ ನಿರ್ದಿಷ್ಟ ಷರತ್ತುಗಳಲ್ಲಿ ಸೇರಿಸಿಕೊಂಡಿದೆ.

ಈ ಕಾನೂನಿನಲ್ಲಿ ಆಳುಗಳ ಸಂಖ್ಯೆಯ ಮಿತಿಯಿಲ್ಲ ಎಂಬುದು ತೋಟದ ಓದುಗರು ಗಮನಿಸಬೇಕಾದ ಮೊದಲ ಸಂಗತಿ. ಯಾವ ಯಾವ ಕೆಲಸಗಳು ಅದರೊಳಗೆ ಬರುತ್ತವೆಂಬ ಪಟ್ಟಿಯಲ್ಲಿ ಟ್ರ್ಯಾಕ್ಟರ್ ಅಥವಾ ವಿದ್ಯುತ್ತು, ಎಂಜಿನುಗಳಿಂದ ನಡೆಯುವ ಇತರ ಸಾಧನಗಳ ನೆರವಿನ ಬೇಸಾಯವೂ ಇದೆ. ಎರಡನೆಯದಾಗಿ, ಎರಡು ದಿನದ ಮಟ್ಟಿಗೆ ಕರೆದ ಕೆಲಸದವನು ಕಾರ್ಮಿಕನಲ್ಲವೆಂದು ಧಣಿ ವಾದಿಸಲು ಇದ್ದ ಹಳೆಯ ಆಸ್ಪದವನ್ನು 2000ದ ತಿದ್ದುಪಡಿ ತೆಗೆದುಹಾಕಿತು. ಮೂರನೆಯದಾಗಿ, ಕೋರೆಯ ಅಥವಾ ಮಿಲ್ಲಿನ ಒಡೆಯನು ತನ್ನ ವ್ಯವಹಾರದ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದರೂ ಗುತ್ತಿಗೆದಾರನ ಆಳಿಗಾದ ಗಾಯಕ್ಕೆ ಪರಿಹಾರವನ್ನು ಒಡೆಯನಿಂದಲೇ ಕೇಳಬಹುದು; ಕೊಟ್ಟದ್ದನ್ನು ಗುತ್ತಿಗೆದಾರನಿಂದ ವಸೂಲು ಮಾಡುವುದು ಒಡೆಯನ ಪಾಡು. ಕೇರಳದಲ್ಲಿ ಅತಿಥಿ ಕಾರ್ಮಿಕರೆಂದು ಕರೆಯಲಾಗುವ, ಬಂಗಾಳ, ಅಸ್ಸಾಂ, ಒಡಿಶಾಗಳಿಂದ ಬಂದು ದುಡಿಯುವವರಿಗೂ ಇದರಲ್ಲಿ ಭೇದವಿಲ್ಲ; ಅವರಿಗೆಂದೇ 2017ರಲ್ಲಿ ಕೇರಳ ಆರಂಭಿಸಿದ ಆವಾಜ್ ವಿಮಾ ಯೋಜನೆ, ಅಪಘಾತದಲ್ಲಿ ಮೃತಪಟ್ಟವರ ಕುಟುಂಬಕ್ಕೆ ಕೊಡುವ ಎರಡು ಲಕ್ಷ ರೂಪಾಯಿಯೂ ಸೇರಿ, ಬೇರೆಯೇ ಲೆಕ್ಕ.

ಸ್ವಂತ ಹುಲ್ಲಿನ ಮಿಷನನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಹೋಗುವವನ ಮಟ್ಟಿಗೆ ಮಾತ್ರ ಕಾನೂನು ಗಟ್ಟಿಯಾಗಿಲ್ಲ. ಗಂಟೆಗಿಷ್ಟು ಎಂದು ದರ ಹೇಳಿ, ಯಂತ್ರವನ್ನೂ ಪೆಟ್ರೋಲನ್ನೂ ತಾನೇ ತರುವವನು ಕಾನೂನಿನ ಕಣ್ಣಿಗೆ ಆಳಿಗಿಂತ ಗುತ್ತಿಗೆದಾರನಂತೆ ಕಾಣುವುದೇ ಹೆಚ್ಚು. ತನಗೆ ತಾನೇ ಪರಿಹಾರ ಕೊಡಬೇಕಾದ ಸ್ಥಿತಿ ಅವನದು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ವಿಮಾ ಯೋಜನೆ ಅಪಘಾತದ ಸಾವಿಗೆ ಎರಡು ಲಕ್ಷ, ಒಂದು ಕಣ್ಣು ಅಥವಾ ಒಂದು ಕೈ ಪೂರ್ತಿ ಹೋದರೆ ಒಂದು ಲಕ್ಷ ರೂಪಾಯಿ ಕೊಡುತ್ತದೆ. ಬೆರಳಿಗೆ ಅದರಲ್ಲಿ ಏನೂ ಇಲ್ಲ.

ಪರಿಹಾರದ ಲೆಕ್ಕ ಮೂರು ಅಂಕಿಗಳ ಮೇಲೆ ನಿಂತಿದೆ: ತಿಂಗಳ ಸಂಬಳ, ಗಾಯಾಳುವಿನ ವಯಸ್ಸಿಗೆ ತಕ್ಕ ಗುಣಕ, ಮತ್ತು ದುಡಿಯುವ ಶಕ್ತಿಯಲ್ಲಿ ಕಳೆದುಹೋದ ಶೇಕಡಾವಾರು ಪಾಲು. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳುವ ಗರಿಷ್ಠ ಮೊತ್ತವನ್ನು ಕೇಂದ್ರ ಸರ್ಕಾರ 2020ರ ಜನವರಿ 3ರಂದು 8,000ದಿಂದ 15,000 ರೂಪಾಯಿಗೆ ಏರಿಸಿತು. ಗುಣಕವು ಹದಿನಾರು ವರ್ಷದೊಳಗಿನವರಿಗೆ 228.54ರಿಂದ ಆರಂಭವಾಗಿ ವಯಸ್ಸು ಏರಿದಂತೆ ಇಳಿಯುತ್ತದೆ. ಮೂವತ್ತು ವರ್ಷದವರಿಗೆ 207.98, ನಲವತ್ತರವರಿಗೆ 184.17. ಸಾವಿಗೆ ಸಂಬಳದ ಅರ್ಧವನ್ನು, ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ಶೇಕಡಾ 60ನ್ನು ಈ ಗುಣಕದಿಂದ ಗುಣಿಸಬೇಕು. ಅಂದರೆ ಮೂವತ್ತರ ಪ್ರಾಯದ, 15,000 ರೂಪಾಯಿ ಲೆಕ್ಕದ ಕೆಲಸದವರಿಗೆ ಪೂರ್ಣ ವೈಕಲ್ಯದ ಮೊತ್ತ 18,71,820 ರೂಪಾಯಿ. ಅಂಗಾಂಗಗಳ ಪಟ್ಟಿ ಹೆಬ್ಬೆರಳಿಗೆ ಶೇಕಡಾ 30 ಎನ್ನುವುದರಿಂದ ಅದು ಹೋದರೆ 5,61,546 ರೂಪಾಯಿ. ಇಡೀ ತೋರುಬೆರಳಿಗೆ ಶೇಕಡಾ 14ರಂತೆ 2,62,054 ರೂಪಾಯಿ 80 ಪೈಸೆ. ಮಧ್ಯದ ಬೆರಳಿಗೆ ಶೇಕಡಾ 12. ಉಂಗುರದ ಬೆರಳಿಗೆ ಅಥವಾ ಕಿರುಬೆರಳಿಗೆ ಶೇಕಡಾ 7. ಇಡೀ ಹಸ್ತಕ್ಕೆ ಶೇಕಡಾ 60. ಗಾಯ ಮಾಗುವವರೆಗಿನ ತಾತ್ಕಾಲಿಕ ಅಶಕ್ತತೆಗೆ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಕಾಲು ಭಾಗ, ಅಂದರೆ ತಿಂಗಳಿಗೆ ಅರ್ಧ ಸಂಬಳ, ಹೆಚ್ಚೆಂದರೆ ಐದು ವರ್ಷದವರೆಗೆ ಸಲ್ಲುತ್ತದೆ. ಚಿಕಿತ್ಸೆಯ ನಿಜವಾದ ಖರ್ಚನ್ನೂ ಧಣಿಯೇ ಭರಿಸಬೇಕೆಂದು 2009ರ ತಿದ್ದುಪಡಿ ಹೇಳಿತು. ಬೆರಳಿಗೆ ಬೆಲೆ ಕಟ್ಟುವ ಈ ಪಟ್ಟಿ ಓದಲು ನಿರ್ದಯವಾಗಿ ಕಾಣುವುದು ನಿಜವಾದರೂ, ಪಟ್ಟಿಯೇ ಇಲ್ಲದಿದ್ದಾಗ ಚೌಕಾಸಿಯಲ್ಲಿ ನಿಗದಿಯಾಗುತ್ತಿದ್ದ ಬೆಲೆ ಇದಕ್ಕಿಂತ ನಿರ್ದಯವಾಗಿತ್ತು.

ಪಟ್ಟಿಯೇ ಕೊನೆಯ ಮಾತಲ್ಲವೆಂದು ಸುಪ್ರೀಂ ಕೋರ್ಟು ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ 1975ರಲ್ಲಿ ಸ್ಪಷ್ಟಪಡಿಸಿತು. ಎಡಗೈಯನ್ನು ಮೊಣಕೈಯ ಮೇಲಿನಿಂದ ಕಳೆದುಕೊಂಡ ಬಡಗಿಯೊಬ್ಬನಿಗೆ ಪಟ್ಟಿಯಂತೆ ಆಂಶಿಕ ವೈಕಲ್ಯದ ಪರಿಹಾರವಷ್ಟೇ ಸಲ್ಲಬೇಕೆಂದು ಧಣಿ ವಾದಿಸಿದ್ದನು. ಒಂದೇ ಕೈಯಲ್ಲಿ ಬಡಗಿಯ ಕೆಲಸ ಸಾಧ್ಯವಿಲ್ಲವಾದ್ದರಿಂದ ಅವನ ಮಟ್ಟಿಗೆ ನಷ್ಟ ನೂರಕ್ಕೆ ನೂರು ಎಂದು ನ್ಯಾಯಾಲಯ ಎತ್ತಿಹಿಡಿಯಿತು, ಮತ್ತು ಪರಿಹಾರ ಸಲ್ಲಬೇಕಾದುದು ಆದೇಶದ ದಿನದಿಂದಲ್ಲ, ಅಪಘಾತದ ದಿನದಿಂದಲೇ ಎಂದೂ ಹೇಳಿತು. ಅಡಿಕೆ ಮರ ಹತ್ತುವವನ ಹೆಬ್ಬೆರಳು, ಬೀಡಿ ಕಟ್ಟುವವಳ ತೋರುಬೆರಳು, ಕಲ್ಲು ಕೆತ್ತುವವನ ಕಣ್ಣು, ಇವುಗಳ ಲೆಕ್ಕವನ್ನೂ ಅವರವರ ಕೆಲಸವನ್ನು ನೋಡಿಯೇ ಮಾಡಬೇಕೆಂದು ಕೇಳಲು ಈ ತೀರ್ಪು ದಾರಿ ಮಾಡಿಕೊಟ್ಟಿದೆ.

ಅಪಘಾತದ ಮರುದಿನ ಊರಿನಲ್ಲಿ ನಡೆಯುವುದು ಸಾಮಾನ್ಯವಾಗಿ ಬೇರೆಯೇ. ಧಣಿ ಆಸ್ಪತ್ರೆಯ ಮೊದಲ ಬಿಲ್ಲನ್ನು ಕಟ್ಟುತ್ತಾನೆ. ನಂತರ ನಾಲ್ಕು ಜನರ ಸಮ್ಮುಖದಲ್ಲಿ ಮಾತುಕತೆಯಾಗಿ, ಇಷ್ಟು ಹಣ ಮುಟ್ಟಿತು, ಮುಂದೆ ಯಾವ ತಕರಾರೂ ಇಲ್ಲ ಎಂದು ಛಾಪಾ ಕಾಗದದಲ್ಲಿ ಬರೆಸಿ ಸಹಿ ಹಾಕಿಸಲಾಗುತ್ತದೆ. ಇಬ್ಬರಿಗೂ ನೆಮ್ಮದಿಯೆನಿಸುವ ಈ ಕಾಗದ ಧಣಿಯನ್ನು ಕಾಪಾಡುವುದಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಕಾನೂನಿನ ಪ್ರಕಾರ ಶೂನ್ಯ. ಒಪ್ಪಂದವಾಗಿದ್ದರೆ ಅದನ್ನು ಪರಿಹಾರದ ಅಧಿಕಾರಿಯ ಮುಂದೆ ನೋಂದಾಯಿಸಬೇಕು, ಮೊತ್ತ ಕಡಿಮೆಯೆಂದು ಕಂಡರೆ ಅವರು ಅದನ್ನು ನಿರಾಕರಿಸಬಹುದು. ನೋಂದಾಯಿಸದ ಒಪ್ಪಂದದ ಧಣಿ ಪೂರ್ಣ ಮೊತ್ತಕ್ಕೆ ಹೊಣೆಯಾಗಿಯೇ ಉಳಿಯುತ್ತಾನೆ. ಸಾವಿನ ಪ್ರಕರಣದಲ್ಲಂತೂ ಹಣವನ್ನು ಮನೆಯವರ ಕೈಗೆ ಕೊಡದೆ ಅಧಿಕಾರಿಯಲ್ಲಿ ಠೇವಣಿ ಇಡಬೇಕು, ಏಕೆಂದರೆ ವಿಧವೆಗೂ ಸಣ್ಣ ಮಕ್ಕಳಿಗೂ ತಲುಪಬೇಕಾದ ಪಾಲು ನೆಂಟರಿಷ್ಟರ ನಡುವೆ ಕರಗಬಾರದು. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡಾ 12ರ ಬಡ್ಡಿ, ತಕ್ಕ ಕಾರಣವಿಲ್ಲದಿದ್ದರೆ ಮೊತ್ತದ ಅರ್ಧದವರೆಗೆ ದಂಡ. ಮೇಲೆ ಹೇಳಿದ ಹೆಬ್ಬೆರಳಿನ ಪರಿಹಾರಕ್ಕೆ ಬಡ್ಡಿಯೊಂದೇ ವರ್ಷಕ್ಕೆ 67,000 ರೂಪಾಯಿಗೂ ಮಿಕ್ಕಿ ಬರುತ್ತದೆ.

ಧಣಿಯ ಪರವಾಗಿಯೂ ಕಾನೂನಿನಲ್ಲಿ ಕೆಲವು ಮಾತುಗಳಿವೆ. ಮೂರು ದಿನ ಮೀರದ ಅಶಕ್ತತೆಗೆ ಪರಿಹಾರವಿಲ್ಲ. ಕುಡಿದು ಕೆಲಸ ಮಾಡಿದ್ದರೆ, ಸುರಕ್ಷತೆಗಾಗಿ ಕೊಟ್ಟ ಆದೇಶವನ್ನು ಬೇಕೆಂದೇ ಮೀರಿದ್ದರೆ, ಗಾರ್ಡನ್ನು ಬೇಕೆಂದೇ ಕಳಚಿದ್ದರೆ ಅದನ್ನು ಪ್ರತಿವಾದವಾಗಿ ಎತ್ತಬಹುದು. ಆದರೆ ಸಾವು ಅಥವಾ ಪೂರ್ಣ ಶಾಶ್ವತ ವೈಕಲ್ಯವಾದಾಗ ಆ ಪ್ರತಿವಾದವೂ ನಿಲ್ಲುವುದಿಲ್ಲ, ಬರಿಯ ಅಜಾಗ್ರತೆಯಂತೂ ಎಂದೂ ಪ್ರತಿವಾದವಲ್ಲ. ಗಾರ್ಡನ್ನು ಕಳಚಿದವನು ಆಳೇ ಆದರೂ, ಕಳಚಿದ ಗಾರ್ಡು ಎರಡು ವರ್ಷದಿಂದ ಧಣಿಯ ಕೊಟ್ಟಿಗೆಯಲ್ಲೇ ಬಿದ್ದಿದ್ದರೆ ಅದು ಯಾರ ಇಚ್ಛೆಯಿಂದ ನಡೆದದ್ದೆಂಬ ಪ್ರಶ್ನೆ ಏಳುವುದು ಸಹಜ. ಎರಡೆಕರೆ ತೋಟದವನಿಗೆ ಹದಿನೆಂಟು ಲಕ್ಷದ ಹೊಣೆ ಮನೆ ಮುರಿಯುವಂಥದ್ದು. ಅಂಥವರಿಗಾಗಿಯೇ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಉದ್ಯೋಗಿ ಪರಿಹಾರದ ಪಾಲಿಸಿ ಸಿಗುತ್ತದೆ. ವಿಮೆ ಇದ್ದರೆ ಪರಿಹಾರವನ್ನು ಕಂಪನಿ ಕೊಡುತ್ತದೆ, ದಂಡವನ್ನು ಧಣಿಯೇ ಕೊಡಬೇಕೆಂದು 1997ರಲ್ಲಿ ಸುಪ್ರೀಂ ಕೋರ್ಟು ವೇದ್ ಪ್ರಕಾಶ್ ಗರ್ಗ್ ಪ್ರಕರಣದಲ್ಲಿ ಹೇಳಿದೆ. ವಾಹನಕ್ಕೆ ವಿಮೆಯಿಲ್ಲದೆ ರಸ್ತೆಗಿಳಿಯಲು ಹೆದರುವ ತೋಟಗಾರರು ಇಂಥ ಪಾಲಿಸಿಯನ್ನು ಕೇಳಿಯೂ ಅರಿಯದಿರುವುದು ವಿಚಿತ್ರ.

ಹತ್ತು ಅಥವಾ ಹೆಚ್ಚು ಜನರಿರುವ, ನೌಕರರ ರಾಜ್ಯ ವಿಮೆಯ (ಇಎಸ್‌ಐ) ವ್ಯಾಪ್ತಿಗೆ ಸೇರಿದ ಸಂಸ್ಥೆಗಳಲ್ಲಿ ಈ ಲೆಕ್ಕವೆಲ್ಲ ಬೇಕಾಗುವುದಿಲ್ಲ. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿರುವವರಿಗಾಗಿ ಧಣಿ ಶೇಕಡಾ 3.25, ನೌಕರ ಶೇಕಡಾ 0.75 ವಂತಿಗೆ ಕಟ್ಟುತ್ತಾರೆ. 15,000 ಸಂಬಳಕ್ಕೆ ಅದು 487 ರೂಪಾಯಿ 50 ಪೈಸೆ ಮತ್ತು 112 ರೂಪಾಯಿ 50 ಪೈಸೆ. ಕೆಲಸದಲ್ಲಾದ ಗಾಯಕ್ಕೆ ಸೇರಿದ ಮೊದಲ ದಿನದಿಂದಲೇ ರಕ್ಷಣೆಯಿದ್ದು, ಅಶಕ್ತತೆ ಇರುವಷ್ಟು ಕಾಲ ಸಂಬಳದ ಶೇಕಡಾ 90, ಶಾಶ್ವತ ವೈಕಲ್ಯಕ್ಕೆ ಅದರ ಪ್ರಮಾಣದಲ್ಲಿ ಜೀವನಪೂರ್ತಿ ಮಾಸಿಕ ಮೊತ್ತ ಸಿಗುತ್ತದೆ. ಒಂದು ಸಲ ಕೈಗೆ ಬಂದು ಸಾಲಕ್ಕೋ ಮದುವೆಗೋ ಹೋಗುವ ಇಡಿಗಂಟಿಗಿಂತ ಇದು ಎಷ್ಟೋ ಮೇಲು. ಮಂಜೇಶ್ವರದಿಂದ ದಿನಾ ಮಂಗಳೂರಿನ ಬೈಕಂಪಾಡಿಗೆ ಕೆಲಸಕ್ಕೆ ಹೋಗುವವರಿಗೆ ಗಡಿ ಇದರಲ್ಲಿ ಅಡ್ಡಿಯಲ್ಲ. ಇಎಸ್‌ಐ ಇಲ್ಲದವರೂ ಪರಿಹಾರದ ಅರ್ಜಿಯನ್ನು ಅಪಘಾತವಾದ ಊರಿನ ಬದಲು ತಾವು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು.

ಗಡಿ ಅಡ್ಡಬರುವುದು ಆಸ್ಪತ್ರೆಯ ದಾರಿಯಲ್ಲಿ. ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಾದರೂ ತುಂಡಾದ ಬೆರಳನ್ನು ಜೋಡಿಸುವಂಥ ಸೂಕ್ಷ್ಮ ಶಸ್ತ್ರಚಿಕಿತ್ಸೆಗೆ ಜಿಲ್ಲೆಯ ಉತ್ತರ ಭಾಗದವರು ಇಂದಿಗೂ ನೋಡುವುದು ಮಂಗಳೂರಿನತ್ತ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾದ ಕಾರಣ ಕರ್ನಾಟಕ ಗಡಿಯ ರಸ್ತೆಗಳನ್ನು ಮುಚ್ಚಿದಾಗ ರೋಗಿಗಳು ತಲಪಾಡಿಯಲ್ಲಿ ಸಿಕ್ಕಿಹಾಕಿಕೊಂಡು, ತುರ್ತು ಚಿಕಿತ್ಸೆಗೆ ದಾರಿ ತೆರೆಸಬೇಕೆಂದು ಕೇರಳ ಹೈಕೋರ್ಟು ಏಪ್ರಿಲ್ 1ರಂದು ಆದೇಶಿಸಬೇಕಾಯಿತು. ಇಷ್ಟು ದೂರ ಒಯ್ಯುವಾಗ ತುಂಡಾದ ಬೆರಳನ್ನು ತೊಳೆದು, ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕು. ಬೆರಳನ್ನೇ ನೇರವಾಗಿ ಮಂಜುಗಡ್ಡೆಯಲ್ಲಿ ಹೂಳಿದರೆ ಜೀವಕೋಶಗಳು ಸತ್ತು ಜೋಡಣೆ ಅಸಾಧ್ಯವಾಗುತ್ತದೆ. ಹೀಗೆ ತಂಪಾಗಿ ಇಟ್ಟ ಬೆರಳಿಗೆ ಹನ್ನೆರಡು ಗಂಟೆಗೂ ಹೆಚ್ಚು ಕಾಲಾವಕಾಶವಿರುತ್ತದೆ, ಮಾಂಸಖಂಡವಿರುವ ಕೈಗೆ ಆರು ಗಂಟೆಯೇ ಹೆಚ್ಚು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವಾಗ ‘ಮನೆಯಲ್ಲಿ ಬಿದ್ದದ್ದು’ ಎಂದು ಬರೆಸುವ ಪರಿಪಾಠವಿದೆ. ಪೊಲೀಸು, ಕೋರ್ಟು ಬೇಡವೆಂಬ ಹೆದರಿಕೆ ಅದರ ಹಿಂದೆ ಇರುತ್ತದೆ. ಎಲ್ಲಿ, ಯಾವ ಯಂತ್ರದಿಂದ, ಯಾರ ಕೆಲಸದಲ್ಲಿ ಗಾಯವಾಯಿತೆಂದು ಆಸ್ಪತ್ರೆಯ ಮೊದಲ ಹಾಳೆಯಲ್ಲಿ ಇರುವ ಒಂದು ಸಾಲು ಮುಂದೆ ಹತ್ತು ಸಾಕ್ಷಿಗಳಿಗಿಂತ ತೂಕದ್ದಾಗುವುದರಿಂದ, ಆ ಸುಳ್ಳಿನ ಬೆಲೆಯನ್ನು ಗಾಯಾಳುವೇ ತೆರುತ್ತಾನೆ.

ಕ್ರಿಮಿನಲ್ ಕಾನೂನು ಇದರಲ್ಲಿ ಇಲ್ಲವೆಂದಲ್ಲ. ಯಂತ್ರವನ್ನು ಜೀವಕ್ಕೆ ಅಪಾಯವಾಗುವಂತೆ ನಿರ್ಲಕ್ಷ್ಯದಿಂದ ಇಟ್ಟುಕೊಳ್ಳುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 289ನೆಯ ಸೆಕ್ಷನ್ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಇಲ್ಲವೇ ಎರಡನ್ನೂ ವಿಧಿಸುತ್ತದೆ. ಆದರೆ ಕ್ರಿಮಿನಲ್ ಮೊಕದ್ದಮೆ ಗೆದ್ದರೂ ಸೋತರೂ ಪರಿಹಾರದ ಹಕ್ಕಿಗೆ ಅದರಿಂದ ಏನೂ ಆಗುವುದಿಲ್ಲ, ಮತ್ತು ಬಡ ಗಾಯಾಳುವಿಗೆ ಮೊದಲು ಬೇಕಾಗಿರುವುದು ಪರಿಹಾರವೇ.

ಪರಿಹಾರದ ಅರ್ಜಿಗೆ ಇರುವ ಅವಧಿ ಅಪಘಾತದ ಅಥವಾ ಸಾವಿನ ದಿನದಿಂದ ಎರಡು ವರ್ಷ. ಅದಕ್ಕೆ ಮೊದಲು ಧಣಿಗೆ ಲಿಖಿತ ನೋಟೀಸು ಕೊಡುವುದು ಒಳ್ಳೆಯದು, ಆದರೆ ಧಣಿಗೆ ವಿಷಯ ಗೊತ್ತೇ ಇದ್ದರೆ ನೋಟೀಸಿಲ್ಲವೆಂಬ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ವಕೀಲರ ನೆರವನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಒದಗಿಸುತ್ತದೆ. ಅದರ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 15100. ಕಚೇರಿಯ ಮಲಯಾಳ ತಮಗೆ ಬಾರದೆಂದು ಹಿಂಜರಿಯುವ ಗಡಿಯ ಕನ್ನಡಿಗರು ನೆನಪಿಡಬೇಕಾದ ಇನ್ನೊಂದು ಕಾಯಿದೆಯೂ ಇದೆ: 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕಾರ್ಮಿಕ ಇಲಾಖೆಗೆ ಬರೆಯುವ ಪತ್ರದಲ್ಲಿ ಅಪಘಾತದ ದಿನ, ಸಮಯ, ಸ್ಥಳ, ಯಂತ್ರದ ಹೆಸರು, ಧಣಿಯ ವಿಳಾಸ, ಸಿಗುತ್ತಿದ್ದ ಕೂಲಿ, ಇಷ್ಟನ್ನು ಕನ್ನಡದಲ್ಲಿ ಬರೆದು ಸ್ವೀಕೃತಿಯ ಮೊಹರು ಹಾಕಿಸಿದ ಪ್ರತಿಯೊಂದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು.